ಅಂಕಿ ಮತ್ತು ಅದರ ಮಾನ: ಅಮೆರಿಕದ ಜನಾಂಗ ಗಣತಿಯ ಚರಿತ್ರೆಯಿಂದ ಕೆಲವು ಪಾಠಗಳು

1

ಶಾಸನಗಳ ಅಧ್ಯಯನದಲ್ಲಿ ತೊಡಗಿದವರಿಗೆ ಬನವಾಸಿ ಪನ್ನಿರ್ಛಾಸಿರ, ನೊಳಂಬವಾಡಿ ಮೂವತ್ತಿರ್ಛಾಸಿರ, ಗಂಗವಾಡಿ ತೊಂಬತ್ತಾರುಸಾಸಿರ ಎಂಬ ನಾಡಹೆಸರುಗಳು ಚಿರಪರಿಚಿತವಾದವು. ನಾಡಿನ ಹೆಸರಿನ ಬೆನ್ನಿಗೇ ಒಂದು ಸಂಖ್ಯೆ ಅಂಟಿಕೊಂಡು ಬರುತ್ತದೆ. ಆದರೆ ಆ ಸಂಖ್ಯೆ ಏನನ್ನು ಎಣಿಸಿದ್ದು ಎಂಬುದರ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದು ಹಳ್ಳಿಗಳ ಸಂಖ್ಯೆ ಎಂದವರುಂಟು. ಕಂದಾಯದ ಹುಟ್ಟುವಳಿ ಎಂದವರುಂಟು. ಹಿಂದೆಂದೋ ಆದ ಎಣಿಕೆಯೊಂದು ರೂಢಿಯಿಂದ ಹೆಸರಿನ ಭಾಗವಾಗಿ ಉಳಿದುಬಂದಿದೆ ಎಂದವರೂ ಉಂಟು. ಅಂಕಿ ನಮಗೆ ದೊರೆತಿದೆ, ಅದರ ಮಾನ ದೊರೆತಿಲ್ಲ. ಆದ್ದರಿಂದಲೇ ಎಚ್ಚರವುಳ್ಳ ಸಂಶೋಧಕನು ಆ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಗಂಗವಾಡಿಯು ಬನವಾಸಿಗಿಂತ ಎಂಟು ಪಟ್ಟು ದೊಡ್ಡದಾಗಿತ್ತು ಎಂದು ಹೇಳಲು ಹಿಂಜರಿಯುತ್ತಾನೆ.

ಈ ಹಿಂಜರಿಕೆ ಆಧುನಿಕ ಜನಗಣತಿಯ ವರದಿಗಳನ್ನು ಬಳಸುವಾಗ ನಮ್ಮಲ್ಲಿ ಕಾಣಿಸುವುದಿಲ್ಲ. ಗಣತಿಯ ಅಂಕಿಗೆ ವರ್ಷವಿದೆ, ಕೋಷ್ಟಕವಿದೆ, ಸರಕಾರದ ಮುದ್ರೆಯಿದೆ. ಹೀಗಾಗಿ ಅದರ ಮಾನವೂ ಖಚಿತವಾಗಿಯೇ ಇರಬೇಕೆಂದು ನಂಬಿಬಿಡುತ್ತೇವೆ. ಈ ನಂಬಿಕೆಯನ್ನು ಪರೀಕ್ಷಿಸಲು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಜನಾಂಗ ಗಣತಿಯಷ್ಟು ಒಳ್ಳೆಯ ಆಕರ ಬೇರೊಂದಿಲ್ಲ. 1790ರಿಂದ 2020ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದಿರುವ ಈ ಗಣತಿಯಲ್ಲಿ ಅಂಕಿಗಳ ಜೊತೆಗೆ ಪ್ರತಿ ಬಾರಿಯ ಪ್ರಶ್ನೆಗಳೂ, ಗಣತಿದಾರರಿಗೆ ಕೊಟ್ಟ ಸೂಚನೆಗಳೂ ಉಳಿದುಬಂದಿವೆ. ಅವುಗಳನ್ನು ಒಟ್ಟಿಗೆ ಓದಿದಾಗ ಆ ದೇಶದ ಜನರ ಸ್ವರೂಪ ಬದಲಾದಂತೆಯೇ ಜನರನ್ನು ಅಳೆಯುವ ಕೋಲೂ ಬದಲಾಗುತ್ತ ಬಂದಿರುವುದು ತಿಳಿಯುತ್ತದೆ. ಈ ಎರಡು ಬದಲಾವಣೆಗಳನ್ನು ಬೇರ್ಪಡಿಸದೆ ಓದಿದವರು ಇಲ್ಲದ ಏರಿಳಿತಗಳನ್ನು ಕಂಡಿದ್ದಾರೆ, ಇರುವ ಏರಿಳಿತಗಳನ್ನು ಕಾಣದೆ ಹೋಗಿದ್ದಾರೆ. ಪ್ರಸ್ತುತ ಲೇಖನದ ಉದ್ದೇಶ ಇದನ್ನು ತೋರಿಸುವುದು. ಕರ್ನಾಟಕದ ಹೊರಗೆ ಕುಳಿತು ಕನ್ನಡಿಗರ ಲೆಕ್ಕವನ್ನು ಗಣತಿಯ ಕೋಷ್ಟಕಗಳಲ್ಲಿ ಹುಡುಕುವ ನಮ್ಮಂಥವರಿಗೆ ಇದು ಪರದೇಶದ ವಿಚಾರವಾಗಿ ಮಾತ್ರ ಉಳಿಯದೆಂಬುದನ್ನು ಕೊನೆಯಲ್ಲಿ ನೋಡಬಹುದು.

2

ಅಮೆರಿಕದ ಗಣತಿ ಹುಟ್ಟಿದ್ದು ರಾಜ್ಯಾಂಗದ ಅಗತ್ಯದಿಂದ. 1787ರಲ್ಲಿ ರಚಿತವಾದ ರಾಜ್ಯಾಂಗವು ಪ್ರತಿನಿಧಿ ಸಭೆಯ ಸ್ಥಾನಗಳನ್ನು ಜನಸಂಖ್ಯೆಗೆ ಅನುಸಾರವಾಗಿ ಹಂಚಬೇಕೆಂದು ವಿಧಿಸಿತು. ಗುಲಾಮರನ್ನು ಹೇಗೆ ಎಣಿಸಬೇಕೆಂಬ ಪ್ರಶ್ನೆ ಎದ್ದಾಗ, ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಾಕುವ ಒಪ್ಪಂದವಾಯಿತು. ತೆರಿಗೆ ಕೊಡದ ಮೂಲನಿವಾಸಿಗಳನ್ನು ಲೆಕ್ಕದಿಂದಲೇ ಹೊರಗಿಡಲಾಯಿತು. ಹೀಗೆ ಮೊದಲ ಗಣತಿಗೆ ಮುಂಚೆಯೇ ಯಾರು ಪೂರ್ಣ ಮನುಷ್ಯರು, ಯಾರು ಭಿನ್ನರಾಶಿ, ಯಾರು ಸೊನ್ನೆ ಎಂಬುದು ತೀರ್ಮಾನವಾಗಿತ್ತು. 1790ರ ಗಣತಿಯಲ್ಲಿ ದೊರೆತ ಒಟ್ಟು ಜನಸಂಖ್ಯೆ ಸುಮಾರು 39 ಲಕ್ಷ 29 ಸಾವಿರ; ಅವರಲ್ಲಿ ಸುಮಾರು ಏಳು ಲಕ್ಷ ಮಂದಿ ಗುಲಾಮರು. ಅದೇ ವರ್ಷದ ಪೌರತ್ವ ಕಾಯಿದೆಯು ಹೊರಗಿನಿಂದ ಬಂದವರಲ್ಲಿ ಸ್ವತಂತ್ರರಾದ ಬಿಳಿಯರಿಗೆ ಮಾತ್ರ ಪೌರರಾಗುವ ಅವಕಾಶವಿತ್ತಿತು. ಗಣತಿಯ ಪಟ್ಟಿಯಲ್ಲಿದ್ದ 'ಬಿಳಿಯ' ಎಂಬ ಪದ ನ್ಯಾಯಾಲಯದ ಪದವೂ ಆದದ್ದು ಹೀಗೆ.

ಮುಂದಿನ ನೂರು ವರ್ಷಗಳಲ್ಲಿ ಪಟ್ಟಿ ಬೆಳೆಯುತ್ತ ಹೋಯಿತು. 1850ರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಹುಟ್ಟಿದವರಿಗಾಗಿ 'ಮುಲಾಟೊ' ಎಂಬ ವರ್ಗ ಸೇರಿತು. ಗುಲಾಮಗಿರಿಯು ರಕ್ತಸಂಕರವನ್ನು ನಿಷೇಧಿಸುತ್ತಲೇ ಅದನ್ನು ಹೆಚ್ಚಿಸುತ್ತಿದ್ದ ಕಾಲವದು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗಳಿಗೂ ರೈಲುಹಾದಿಗಳಿಗೂ ಚೀನೀ ಕೂಲಿಗಳು ಬಂದ ಮೇಲೆ, 1870ರಲ್ಲಿ 'ಚೀನೀ' ಎಂಬುದು ರಾಷ್ಟ್ರಮಟ್ಟದ ಜನಾಂಗವರ್ಗವಾಯಿತು. ಹನ್ನೆರಡು ವರ್ಷಗಳಲ್ಲಿ, ಅಂದರೆ 1882ರಲ್ಲಿ, ಚೀನೀ ಕೂಲಿಗಳ ಪ್ರವೇಶವನ್ನು ತಡೆಯುವ ಕಾಯಿದೆ ಬಂದಿತು. 1890ರ ಗಣತಿದಾರರು ಒಬ್ಬ ವ್ಯಕ್ತಿಯಲ್ಲಿ ಕಪ್ಪು ರಕ್ತ ನಾಲ್ಕರಲ್ಲೊಂದು ಭಾಗವಿದೆಯೋ ಎಂಟರಲ್ಲೊಂದು ಭಾಗವಿದೆಯೋ ಎಂಬುದನ್ನೂ ಬರೆದುಕೊಳ್ಳಬೇಕಾಗಿತ್ತು. ಮನೆಬಾಗಿಲಲ್ಲಿ ನಿಂತ ಗುಮಾಸ್ತನೊಬ್ಬ ಇದನ್ನು ಅಳೆಯುವುದಾದರೂ ಹೇಗೆ? ಆ ಅಂಕಿಗಳು ನಂಬಲರ್ಹವಲ್ಲವೆಂದು ಗಣತಿ ಇಲಾಖೆಯೇ ಒಪ್ಪಿಕೊಂಡು ಆ ವರ್ಗಗಳನ್ನು ಕೈಬಿಟ್ಟಿತು. 1930ರ ಹೊತ್ತಿಗೆ 'ಮುಲಾಟೊ' ಕೂಡ ಮಾಯವಾಯಿತು. ಕಪ್ಪು ರಕ್ತದ ಅಂಶ ಎಷ್ಟೇ ಅಲ್ಪವಿರಲಿ, ಅಂಥವರನ್ನು ನೀಗ್ರೋ ಎಂದೇ ಬರೆಯಬೇಕೆಂಬ ಸೂಚನೆ ಹೊರಟಿತು. ಹಿಂದಿನ ಗಣತಿಗಳಲ್ಲಿ ಲಕ್ಷಗಟ್ಟಲೆ ಮಂದಿ ಮಿಶ್ರ ಜನಾಂಗದವರೆಂದು ದಾಖಲಾಗಿದ್ದರು. 1930ರಲ್ಲಿ ಅವರು ಯಾರೂ ಸಾಯಲಿಲ್ಲ, ವಲಸೆ ಹೋಗಲಿಲ್ಲ. ಅವರನ್ನು ಹೆಸರಿಸುವ ಕಾಲಂ ಇಲ್ಲವಾಯಿತು, ಅಷ್ಟೆ.

ಅದೇ 1930ರಲ್ಲಿ 'ಮೆಕ್ಸಿಕನ್' ಎಂಬುದನ್ನು ಒಂದು ಜನಾಂಗವೆಂದು ಪಟ್ಟಿಗೆ ಸೇರಿಸಲಾಯಿತು. ಮೆಕ್ಸಿಕೊ ಸರಕಾರವೂ ಅಮೆರಿಕದಲ್ಲಿದ್ದ ಮೆಕ್ಸಿಕನ್ ಮೂಲದವರೂ ಇದನ್ನು ತೀವ್ರವಾಗಿ ವಿರೋಧಿಸಿದರು. ಬಿಳಿಯರಲ್ಲವೆಂದರೆ ಪೌರತ್ವ, ಶಾಲೆ, ಆಸ್ತಿ, ವಿವಾಹ ಇವೆಲ್ಲವುಗಳ ಹಕ್ಕಿಗೆ ಚ್ಯುತಿ ಬರಬಹುದೆಂಬುದು ಅವರಿಗೆ ತಿಳಿದಿತ್ತು. 1940ರಲ್ಲಿ ಅವರನ್ನು ಮತ್ತೆ ಬಿಳಿಯರ ಸಾಲಿಗೆ ಸೇರಿಸಲಾಯಿತು. ಈ ಹಿನ್ನೆಲೆಯನ್ನು ಅರಿಯದೆ 1920, 1930, 1940ರ ಕೋಷ್ಟಕಗಳನ್ನು ಹೋಲಿಸಿದವನಿಗೆ ಒಂದು ಜನಾಂಗವು ಹತ್ತು ವರ್ಷಗಳಲ್ಲಿ ಹುಟ್ಟಿ, ಮತ್ತೆ ಹತ್ತು ವರ್ಷಗಳಲ್ಲಿ ಅಳಿದಂತೆ ಕಂಡೀತು.

3

ಈ ಪಟ್ಟಿಯಲ್ಲಿ ಭಾರತೀಯರ ಕಥೆ ನಮಗೆ ಹೆಚ್ಚು ಬೋಧಪ್ರದವಾದುದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಪಂಜಾಬಿನ ರೈತರು ಪೆಸಿಫಿಕ್ ಕರಾವಳಿಯ ಮರದ ಕಾರ್ಖಾನೆಗಳಿಗೂ ಕ್ಯಾಲಿಫೋರ್ನಿಯಾದ ಹೊಲಗಳಿಗೂ ದುಡಿಯಲು ಹೋದರು. ಇವರಲ್ಲಿ ಬಹುಪಾಲು ಸಿಖ್ಖರು; ಮುಸಲ್ಮಾನರೂ ಹಿಂದೂಗಳೂ ಇದ್ದರು. ಅಮೆರಿಕನ್ನರು ಅವರೆಲ್ಲರನ್ನೂ 'ಹಿಂದೂ' ಎಂದೇ ಕರೆದರು. 1910ರ ಗಣತಿಯಲ್ಲಿ ಇವರ ಸಂಖ್ಯೆ ಎರಡೂವರೆ ಸಾವಿರದಷ್ಟು. ಇವರನ್ನು ಎಲ್ಲಿ ಸೇರಿಸಬೇಕೆಂಬುದು ಇಲಾಖೆಗೆ ತಲೆನೋವಾಯಿತು. ಆ ಕಾಲದ ಜನಾಂಗಶಾಸ್ತ್ರದ ಪ್ರಕಾರ ಇವರು ಕಕೇಸಿಯನ್ ಕುಲದವರು, ಆದ್ದರಿಂದ ಬಿಳಿಯರು. ಜನಸಾಮಾನ್ಯರ ದೃಷ್ಟಿಯಲ್ಲಿ ಬಿಳಿಯರಲ್ಲ. ಇಲಾಖೆಯು ಶಾಸ್ತ್ರವನ್ನು ಒಪ್ಪಿಕೊಂಡೂ ಜನರ ದೃಷ್ಟಿಯನ್ನೇ ಅನುಸರಿಸಿ ಅವರನ್ನು 'ಇತರರು' ಎಂಬ ವರ್ಗಕ್ಕೆ ಸೇರಿಸಿತು. 1920, 1930 ಮತ್ತು 1940ರ ಗಣತಿಗಳಲ್ಲಿ 'ಹಿಂದೂ' ಎಂಬುದೇ ಒಂದು ಜನಾಂಗದ ಹೆಸರಾಗಿ ಅಚ್ಚಾಯಿತು.

ಇದೇ ಗೊಂದಲ ನ್ಯಾಯಾಲಯದಲ್ಲಿ ದುರಂತದ ರೂಪ ಪಡೆಯಿತು. 1922ರ ನವೆಂಬರಿನಲ್ಲಿ ತಕಾವೊ ಒಜಾವಾ ಎಂಬ ಜಪಾನೀಯನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬಿಳಿಯನೆಂದರೆ ಕಕೇಸಿಯನ್ ಕುಲದವನು, ಜಪಾನೀಯನು ಆ ಕುಲದವನಲ್ಲವಾದ್ದರಿಂದ ಪೌರತ್ವಕ್ಕೆ ಅನರ್ಹನೆಂದು ತೀರ್ಪಿತ್ತಿತು. ಮೂರು ತಿಂಗಳ ನಂತರ, 1923ರ ಫೆಬ್ರವರಿ 19ರಂದು, ಭಗತ್ ಸಿಂಗ್ ಥಿಂಡ್ ಮೊಕದ್ದಮೆಯ ತೀರ್ಪು ಹೊರಬಿತ್ತು. ಪಂಜಾಬಿನಲ್ಲಿ ಹುಟ್ಟಿದ ಸಿಖ್ಖನಾದ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ತಾನು ಆರ್ಯನು, ಉಚ್ಚ ಜಾತಿಯವನು, ಆದ್ದರಿಂದ ಕಕೇಸಿಯನ್ ಎಂಬುದು ಅವನ ವಾದ. ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದ ತೀರ್ಪು ಈ ಬಾರಿ ಕುಲಶಾಸ್ತ್ರವನ್ನು ಪಕ್ಕಕ್ಕಿಟ್ಟು, 'ಬಿಳಿಯ' ಎಂಬ ಪದಕ್ಕೆ ಸಾಮಾನ್ಯ ಮನುಷ್ಯನು ಕೊಡುವ ಅರ್ಥವೇ ಪ್ರಮಾಣ ಎಂದಿತು. ಒಜಾವಾನನ್ನು ಹೊರಗಿಡಲು ಶಾಸ್ತ್ರವೂ ಥಿಂಡನನ್ನು ಹೊರಗಿಡಲು ರೂಢಿಯೂ ಒದಗಿಬಂದವು. ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿಯೂ ಇದೆ. ಜಾತಿಶ್ರೇಷ್ಠತೆಯ ವಾದವನ್ನು ಹಿಡಿದು ಬಿಳಿಯರ ಸಾಲಿಗೆ ಸೇರಲೆತ್ನಿಸಿದ ಆ ಮೊಕದ್ದಮೆ, ಒಂದು ಪಂಕ್ತಿಭೇದವನ್ನು ಇನ್ನೊಂದರಿಂದ ಗೆಲ್ಲುವ ಪ್ರಯತ್ನವಾಗಿತ್ತು.

ತೀರ್ಪಿನ ನಂತರ ಅದಾಗಲೇ ಪೌರರಾಗಿದ್ದ ಅನೇಕ ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲಾಯಿತು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಪೌರತ್ವವನ್ನೂ ಅದರೊಂದಿಗೆ ಸ್ವತ್ತಿನ ಹಕ್ಕನ್ನೂ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಒಂದು ಪದದ ಅರ್ಥನಿರ್ಣಯವು ಒಬ್ಬ ಮನುಷ್ಯನ ಬದುಕನ್ನು ಹೀಗೆ ಮುಗಿಸಿತು.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಹಲವು ಪಂಜಾಬಿ ಗಂಡಸರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. 1917ರ ಕಾಯಿದೆಯಿಂದಾಗಿ ಊರಿನಿಂದ ಹೆಂಡತಿಯನ್ನು ಕರೆತರುವುದು ಅಸಾಧ್ಯವಾಗಿತ್ತು. ಬಿಳಿಯ ಹೆಂಗಸನ್ನು ಮದುವೆಯಾಗಲು ರಾಜ್ಯದ ಕಾನೂನು ಅಡ್ಡಬರುತ್ತಿತ್ತು. ಈ ಮನೆಗಳ ಮಕ್ಕಳನ್ನು ಗಣತಿಯಲ್ಲಿ ಹೇಗೆ ಬರೆಯಬೇಕು? ಬಿಳಿಯೇತರ ಜನಾಂಗಗಳ ಮಿಶ್ರಣವಿದ್ದಲ್ಲಿ ತಂದೆಯ ಜನಾಂಗವನ್ನೇ ಬರೆಯಬೇಕೆಂಬುದು 1930ರ ಸಾಮಾನ್ಯ ನಿಯಮ. ಅದರಂತೆ ಸಿಖ್ ತಂದೆಗೂ ಕ್ಯಾಥೊಲಿಕ್ ತಾಯಿಗೂ ಹುಟ್ಟಿ, ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಮಗು ಜನಾಂಗದಿಂದ 'ಹಿಂದೂ' ಆಗುತ್ತಿತ್ತು. ತಂದೆಯ ಧರ್ಮ, ತಾಯಿಯ ಧರ್ಮ, ಮಗುವಿನ ನುಡಿ ಇವು ಮೂರೂ ಆ ಹೆಸರಿನಲ್ಲಿ ಸುಳಿಯಲಿಲ್ಲ.

1946ರ ಕಾಯಿದೆ ಭಾರತೀಯರಿಗೆ ಪೌರತ್ವದ ಬಾಗಿಲನ್ನು ತೆರೆದು, ವರ್ಷಕ್ಕೆ ನೂರು ಮಂದಿಯ ಪ್ರವೇಶಕ್ಕೆ ಒಪ್ಪಿಗೆಯಿತ್ತಿತು. 1950ರಲ್ಲಿ 'ಹಿಂದೂ' ಎಂಬ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. 1970ರ ಗಣತಿಯ ನಿಯಮಗಳು ಭಾರತೀಯರನ್ನು 'ಬಿಳಿಯ'ರೊಂದಿಗೆ ಸೇರಿಸಿದವು. 1980ರಲ್ಲಿ 'ಏಷ್ಯನ್ ಇಂಡಿಯನ್' ಎಂಬ ಹೊಸ ಹೆಸರು ಬಂದಿತು. ಎಪ್ಪತ್ತು ವರ್ಷಗಳ ಅವಧಿಯಲ್ಲಿ ಒಂದೇ ಜನ ಇತರರು, ಹಿಂದೂಗಳು, ಬಿಳಿಯರಲ್ಲದವರು, ಬಿಳಿಯರು, ಏಷ್ಯನ್ನರು ಎಂದು ಹೆಸರು ಬದಲಿಸುತ್ತ ಸಾಗಿದರು. ಅವರ ಮೈಬಣ್ಣ ಇದ್ದಂತೆಯೇ ಇತ್ತು.

4

ಇಷ್ಟನ್ನು ಹೇಳಿದೊಡನೆ, ಜನಸಂಖ್ಯೆಯ ಬದಲಾವಣೆಯೆಂಬುದೆಲ್ಲ ಕಾಗದದ ಮೇಲಿನ ಆಟವೆಂದು ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ. ಅಮೆರಿಕದ ಜನರ ಸ್ವರೂಪ ನಿಜವಾಗಿಯೂ ಬದಲಾಗಿದೆ, ಅದೂ ಅಗಾಧವಾಗಿ. ಅದಕ್ಕೆ ಕಾರಣವಾದದ್ದು ಮುಖ್ಯವಾಗಿ ಎರಡು ಕಾಯಿದೆಗಳು.

1924ರ ವಲಸೆ ಕಾಯಿದೆ ಪ್ರತಿ ದೇಶಕ್ಕೂ ಒಂದು ಪಾಲನ್ನು ಗೊತ್ತುಮಾಡಿತು. ಆ ಪಾಲನ್ನು ಲೆಕ್ಕ ಹಾಕಲು ಮೊದಲಿಗೆ ಆರಿಸಿಕೊಂಡದ್ದು 1890ರ ಗಣತಿಯನ್ನು. ಹತ್ತಿರದ 1910ರ, 1920ರ ಗಣತಿಗಳು ಕೈಯಲ್ಲಿರುವಾಗ ಮೂವತ್ತು ನಾಲ್ಕು ವರ್ಷ ಹಿಂದಿನದನ್ನು ಏಕೆ ಹಿಡಿದರು? ಇಟಲಿಯವರು, ಪೋಲೆಂಡಿನವರು, ಪೂರ್ವ ಯೂರೋಪಿನ ಯಹೂದ್ಯರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1890ರ ನಂತರ. ಹಳೆಯ ಅಂಕಿಯನ್ನು ಆಧಾರವಾಗಿಟ್ಟುಕೊಂಡರೆ ಅವರ ಪಾಲು ತಾನಾಗಿಯೇ ಕುಗ್ಗುತ್ತಿತ್ತು. ಏಷ್ಯದವರಿಗಂತೂ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಗಣತಿಯು ಇದ್ದ ಜನರನ್ನು ಎಣಿಸಿದ್ದಲ್ಲದೆ ಮುಂದೆ ಬರಬೇಕಾದ ಜನರನ್ನು ಆರಿಸುವ ಸಾಧನವೂ ಆಯಿತು. ಪರಿಣಾಮವಾಗಿ, 1910ರಲ್ಲಿ ಜನಸಂಖ್ಯೆಯ ಶೇಕಡ 14.7ರಷ್ಟಿದ್ದ ವಿದೇಶಗಳಲ್ಲಿ ಹುಟ್ಟಿದವರ ಪ್ರಮಾಣ 1970ಕ್ಕೆ ಶೇಕಡ 4.7ಕ್ಕೆ ಇಳಿಯಿತು.

ಎರಡನೆಯದು 1965ರ ಕಾಯಿದೆ. ನಾಗರಿಕ ಹಕ್ಕುಗಳ ಚಳವಳಿಯ ಕಾವಿನಲ್ಲಿ ರೂಪುಗೊಂಡ ಇದು ದೇಶವಾರು ಪಾಲುಗಳ ಪದ್ಧತಿಯನ್ನು ರದ್ದುಗೊಳಿಸಿತು. ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬಳಿ ಅದಕ್ಕೆ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಆಗಲಿ, ಮಸೂದೆಯನ್ನು ಸಮರ್ಥಿಸಿದ ಸೆನೆಟರ್ ಎಡ್ವರ್ಡ್ ಕೆನಡಿಯಾಗಲಿ ಇದರಿಂದ ದೇಶದ ಜನಾಂಗೀಯ ಸ್ವರೂಪ ಬದಲಾಗುವುದೆಂದು ಭಾವಿಸಿರಲಿಲ್ಲ. ಪೌರರ ಬಂಧುಗಳಿಗೆ ಆದ್ಯತೆ ಕೊಟ್ಟರೆ, ಪೌರರಲ್ಲಿ ಹೆಚ್ಚಿನವರು ಯೂರೋಪಿನ ಮೂಲದವರಾದ್ದರಿಂದ, ಬರುವವರೂ ಯೂರೋಪಿನವರೇ ಆಗಿರುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಲೆಕ್ಕ ತಪ್ಪಿತು. ಯುದ್ಧಾನಂತರ ಚೇತರಿಸಿಕೊಂಡ ಪಶ್ಚಿಮ ಯೂರೋಪಿನ ಜನರಿಗೆ ಊರು ಬಿಡುವ ಒತ್ತಡ ಉಳಿದಿರಲಿಲ್ಲ. ಏಷ್ಯದಿಂದ ವೈದ್ಯರೂ ದಾದಿಯರೂ ಎಂಜಿನಿಯರುಗಳೂ ವೃತ್ತಿಯ ಆಧಾರದ ಮೇಲೆ ಹೋದರು. ಪೌರರಾದ ಮೇಲೆ ಬಂಧುಗಳನ್ನು ಕರೆಸಿಕೊಂಡರು. ಯೂರೋಪಿನವರಿಗೆಂದು ತೆರೆದಿಟ್ಟ ಬಾಗಿಲಿನಲ್ಲಿ ಏಷ್ಯ ಒಳಬಂದಿತು. ಮೆಕ್ಸಿಕೊದ ವಿಷಯ ಬೇರೆ. ಅಲ್ಲಿನ ಕೂಲಿಗಾರರು ಒಪ್ಪಂದದ ಮೇಲೆ ಬಂದುಹೋಗುವ ವ್ಯವಸ್ಥೆ 1942ರಿಂದ ನಡೆದು 1964ರಲ್ಲಿ ನಿಂತಿತು. 1965ರ ಕಾಯಿದೆಯು ಅಮೆರಿಕ ಖಂಡಗಳ ವಲಸೆಗೆ ಮೊದಲ ಬಾರಿಗೆ ಒಟ್ಟು ಮಿತಿಯನ್ನು ಹೇರಿತು. ಆದರೆ ಹೊಲಗಳಲ್ಲಿ ಕೆಲಸ ನಿಲ್ಲಲಿಲ್ಲ, ಕೂಲಿಯ ಬೇಡಿಕೆಯೂ ತಗ್ಗಲಿಲ್ಲ. ಹಿಂದೆ ಪರವಾನಗಿ ಪಡೆದು ಬರುತ್ತಿದ್ದವರ ಸ್ಥಾನದಲ್ಲಿ ಪರವಾನಗಿಯಿಲ್ಲದೆ ಬರುವವರು ಹೆಚ್ಚಿದರು. ಗಡಿಯ ಕಾವಲು ಬಿಗಿಯಾದಂತೆ ಬಂದವರು ಹಿಂತಿರುಗದೆ ನೆಲೆನಿಂತರು.

1990ರ ಕಾಯಿದೆಯಿಂದ ವಿಶೇಷ ಪರಿಣತಿಯ ನೌಕರರಿಗೆ ತಾತ್ಕಾಲಿಕ ಪ್ರವೇಶ ಕೊಡುವ ಎಚ್-1ಬಿ ವೀಸಾ ಜಾರಿಗೆ ಬಂದ ಮೇಲೆ ಬೆಂಗಳೂರಿನ ಗಣಕ ಉದ್ಯಮವೂ ಈ ಚರಿತ್ರೆಯೊಳಕ್ಕೆ ಪ್ರವೇಶಿಸಿತು. 2020ರ ಗಣತಿಯಲ್ಲಿ ತಮ್ಮನ್ನು ಏಷ್ಯನ್ ಇಂಡಿಯನ್ ಎಂದು ಮಾತ್ರ ಗುರುತಿಸಿಕೊಂಡವರ ಸಂಖ್ಯೆ ಸುಮಾರು 44 ಲಕ್ಷ. ನೂರಹತ್ತು ವರ್ಷಗಳ ಹಿಂದೆ ಎರಡೂವರೆ ಸಾವಿರವಿದ್ದುದು ಇಲ್ಲಿಗೆ ಮುಟ್ಟಿತು. ಕಾಲಮ್ಮಿನ ಹೆಸರು ಎಷ್ಟೇ ಬದಲಾಗಿರಲಿ, ಈ ಏರಿಕೆ ಮನುಷ್ಯರದ್ದು.

5

ನಾಗರಿಕ ಹಕ್ಕುಗಳ ಶಾಸನಗಳಾದ ಮೇಲೆ ಗಣತಿಯ ವರ್ಗಗಳ ಪ್ರಯೋಜನವೂ ಬದಲಾಯಿತು. ಹಿಂದೆ ಹೊರಗಿಡಲು ಬಳಕೆಯಾಗುತ್ತಿದ್ದ ಅಂಕಿ ಈಗ ಅನ್ಯಾಯವನ್ನು ತೋರಿಸಿಕೊಡುವ ಸಾಕ್ಷಿಯಾಯಿತು. ನೌಕರಿಯಲ್ಲಿ, ಮತದಾನದಲ್ಲಿ, ಶಾಲೆಯಲ್ಲಿ ತಾರತಮ್ಯವಿದೆಯೆಂದು ಸಾಬೀತುಪಡಿಸಲು ಎಣಿಕೆ ಬೇಕು. 1977ರಲ್ಲಿ ಕೇಂದ್ರ ಸರಕಾರ ಎಲ್ಲ ಇಲಾಖೆಗಳಿಗೂ ಅನ್ವಯಿಸುವಂತೆ ನಾಲ್ಕು ಜನಾಂಗಗಳನ್ನು ನಿಗದಿಮಾಡಿ, ಹಿಸ್ಪಾನಿಕ್ ಮೂಲವನ್ನು ಜನಾಂಗಕ್ಕಿಂತ ಬೇರೆಯಾದ ಪ್ರಶ್ನೆಯನ್ನಾಗಿಸಿತು. ಬಿಳಿಯರ ಪಟ್ಟಿಯಲ್ಲಿ ಸದ್ದಿಲ್ಲದೆ ಸೇರಿಹೋಗಿದ್ದ ಭಾರತೀಯರು ತಮ್ಮನ್ನು ಬೇರೆಯಾಗಿ ಎಣಿಸಬೇಕೆಂದು ಕೇಳಿಕೊಂಡದ್ದು ಈ ಸಂದರ್ಭದಲ್ಲಿ. ಥಿಂಡ್ ಬಿಳಿಯನೆನ್ನಿಸಿಕೊಳ್ಳಲು ಹೋರಾಡಿದನು. ಅರ್ಧ ಶತಮಾನದ ನಂತರ ಬಂದವರು ಹಾಗೆನ್ನಿಸಿಕೊಳ್ಳದಿರಲು ಮನವಿ ಸಲ್ಲಿಸಿದರು. ಇಬ್ಬರೂ ತಮ್ಮ ತಮ್ಮ ಕಾಲದಲ್ಲಿ ಹಕ್ಕು ಇದ್ದ ಕಡೆಗೇ ನಡೆದರು.

ಎಣಿಕೆಯಿಂದ ರಕ್ಷಣೆ ದೊರೆಯುವಂತೆ ಅಪಾಯವೂ ಒದಗುತ್ತದೆ. 1942ರಲ್ಲಿ ಜಪಾನೀ ಮೂಲದ ಸುಮಾರು 1 ಲಕ್ಷ 20 ಸಾವಿರ ಜನರನ್ನು ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿದಾಗ, ಅವರು ಯಾವ ಯಾವ ಬೀದಿಗಳಲ್ಲಿ ಎಷ್ಟಿದ್ದಾರೆಂಬುದನ್ನು ತಿಳಿಯಲು 1940ರ ಗಣತಿಯ ಕೋಷ್ಟಕಗಳನ್ನೇ ಬಳಸಲಾಯಿತು. ಅವರಲ್ಲಿ ಮೂರರಲ್ಲೆರಡು ಪಾಲು ಅಮೆರಿಕದ ಪೌರರೇ ಆಗಿದ್ದರು.

1960ರಿಂದ ಕ್ರಮೇಣ ಗಣತಿದಾರನ ಬದಲಿಗೆ ಜನರೇ ತಮ್ಮ ಜನಾಂಗವನ್ನು ಬರೆಯುವ ಪದ್ಧತಿ ಬಂದಿತು. 2000ದಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತಿಸುವ ಅವಕಾಶ ದೊರೆಯಿತು. ಈ ಎರಡು ಮಾರ್ಪಾಡುಗಳ ಪರಿಣಾಮ 2020ರ ಅಂಕಿಗಳಲ್ಲಿ ಎದ್ದು ಕಾಣುತ್ತದೆ. 2010ರಲ್ಲಿ 'ಬಿಳಿಯ' ಎಂದು ಮಾತ್ರ ಬರೆದುಕೊಂಡವರು 22.36 ಕೋಟಿ, 2020ರಲ್ಲಿ 20.43 ಕೋಟಿ. ಶೇಕಡ 8.6ರ ಇಳಿಕೆ. ಆದರೆ ಬಿಳಿಯ ಎಂಬುದನ್ನು ಒಂಟಿಯಾಗಿಯೋ ಬೇರೊಂದರ ಜೊತೆಗೋ ಬರೆದುಕೊಂಡವರೆಲ್ಲರನ್ನೂ ಸೇರಿಸಿದರೆ 2020ರ ಸಂಖ್ಯೆ 23.54 ಕೋಟಿ, ಹಿಂದಿನ ಗಣತಿಗಿಂತ ಶೇಕಡ 1.9ರಷ್ಟು ಏರಿಕೆ. ಬಿಳಿಯರು ಕುಗ್ಗಿದರೋ ಹಿಗ್ಗಿದರೋ? ಒಂದೇ ಗಣತಿ ಎರಡು ಉತ್ತರಗಳನ್ನೂ ಕೊಡುತ್ತದೆ. ಎರಡು ಅಥವಾ ಹೆಚ್ಚು ಜನಾಂಗಗಳನ್ನು ಗುರುತಿಸಿದವರು ಇದೇ ಹತ್ತು ವರ್ಷಗಳಲ್ಲಿ 90 ಲಕ್ಷದಿಂದ 3.38 ಕೋಟಿಗೆ ಏರಿದರು. ಇಷ್ಟು ಜನ ಮಿಶ್ರ ವಿವಾಹಗಳಿಂದ ಒಂದೇ ದಶಕದಲ್ಲಿ ಹುಟ್ಟಿಬರಲು ಸಾಧ್ಯವಿಲ್ಲ. ಪ್ರಶ್ನೆಯ ವಿನ್ಯಾಸ ಬದಲಾಯಿತು. ಮೂಲವನ್ನು ಬರೆಯಲು ಹೆಚ್ಚು ಸ್ಥಳ ಸಿಕ್ಕಿತು. ಬರೆದುದನ್ನು ಸಂಕೇತಗಳಾಗಿ ಪರಿವರ್ತಿಸುವ ಕ್ರಮ ಹೆಚ್ಚು ವಿವರವಾಯಿತು. ಅಂಕಿ ಜಿಗಿದುದಕ್ಕೆ ದೊಡ್ಡ ಕಾರಣ ಇದು.

ಹಾಗೆಂದು ನಿಜವಾದ ಚಲನೆ ಇಲ್ಲವೆಂದಲ್ಲ. ಹಿಸ್ಪಾನಿಕ್ ಮೂಲದವರು 2010ರಲ್ಲಿ ಶೇಕಡ 16.3ರಷ್ಟಿದ್ದು 2020ರಲ್ಲಿ 18.7ಕ್ಕೆ ಬಂದರು. ಹಿಸ್ಪಾನಿಕ್ ಅಲ್ಲದ ಬಿಳಿಯರು 63.7ರಿಂದ 57.8ಕ್ಕೆ ಇಳಿದರು, ಹದಿನೆಂಟು ವರ್ಷದೊಳಗಿನವರಲ್ಲಿ ಅವರ ಪಾಲು ಅರ್ಧಕ್ಕಿಂತ ಕಡಿಮೆಯಾಯಿತು. ಅವರು ಒಟ್ಟು ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿಯುವ ವರ್ಷವನ್ನು ಗಣತಿ ಇಲಾಖೆಯ ಮುನ್ನೆಣಿಕೆಗಳು ಒಮ್ಮೆ 2042 ಎಂದೂ ಮತ್ತೊಮ್ಮೆ 2044 ಎಂದೂ ಇನ್ನೊಮ್ಮೆ 2045 ಎಂದೂ ಹೇಳಿದವು. ಆ ವರ್ಷದ ಸುತ್ತ ಅಮೆರಿಕದ ರಾಜಕಾರಣದಲ್ಲಿ ಎದ್ದ ಭಯವೂ ಉತ್ಸಾಹವೂ ಸಣ್ಣವಲ್ಲ. ಸಮಾಜಶಾಸ್ತ್ರಜ್ಞ ರಿಚರ್ಡ್ ಆಲ್ಬಾ ಇದಕ್ಕೆ ಎತ್ತಿದ ಆಕ್ಷೇಪ ನಮ್ಮ ಚರ್ಚೆಗೆ ಹತ್ತಿರದ್ದು. ತಂದೆ ಬಿಳಿಯನಾಗಿ ತಾಯಿ ಬೇರೆ ಮೂಲದವಳಾಗಿದ್ದರೆ, ಅಥವಾ ಇದು ತಿರುಗುಮುರುಗಾಗಿದ್ದರೆ, ಅವರ ಮಕ್ಕಳನ್ನು ಈ ಲೆಕ್ಕವು ಅಲ್ಪಸಂಖ್ಯಾತರ ಕಡೆಗೇ ಹಾಕುತ್ತದೆ. ಆ ಮಕ್ಕಳಾದರೋ ಎರಡು ಕಡೆಯ ಅಜ್ಜ ಅಜ್ಜಿಯರ ಮನೆಗಳಲ್ಲೂ ಬೆಳೆಯುತ್ತಾರೆ. 1930ರ 'ಹಿಂದೂ' ಮಗುವಿನ ಕಾಲಂ ಇಲ್ಲಿ ಬೇರೆ ವೇಷದಲ್ಲಿ ಮರಳಿದೆ.

ಹಿಂದೆ ಇಟಲಿಯವರೂ ಯಹೂದ್ಯರೂ ಐರಿಷರೂ ಪರಕೀಯರೆಂದು ಭಯ ಹುಟ್ಟಿಸಿದವರೇ. ಇಂದು ಅವರ ಮೊಮ್ಮಕ್ಕಳು ಅದೇ ಬಹುಸಂಖ್ಯಾತರೆಂಬ ವರ್ಗದೊಳಗಿದ್ದಾರೆ. 2024ರ ಮಾರ್ಚಿನಲ್ಲಿ ಪ್ರಕಟವಾದ ಪರಿಷ್ಕರಣೆಯಲ್ಲಿ ಜನಾಂಗವನ್ನೂ ಹಿಸ್ಪಾನಿಕ್ ಮೂಲವನ್ನೂ ಒಂದೇ ಪ್ರಶ್ನೆಯಾಗಿಸಿ, ಅದುವರೆಗೆ ಬಿಳಿಯರೊಳಗೆ ಸೇರಿದ್ದ ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕದ ಮೂಲದವರಿಗೆ ಪ್ರತ್ಯೇಕ ವರ್ಗವನ್ನು ಕೊಡಲಾಯಿತು. ಅಳತೆಗೋಲು ಇನ್ನೊಮ್ಮೆ ಬದಲಾಯಿತು. ಅದನ್ನು ಬಳಸಿದ ಗಣತಿಯಲ್ಲಿ ಬಿಳಿಯರ ಸಂಖ್ಯೆ ಇಳಿದರೆ, ಇಳಿಕೆಯ ಒಂದು ಭಾಗ ಈ ಕೋಲಿನದೇ ಆಗಿರುತ್ತದೆ.

6

ಅಮೆರಿಕದ ಸರಕಾರವು ಮನೆಯೊಳಗೆ ಆಡುವ ಭಾಷೆಗಳನ್ನೂ ಸಮೀಕ್ಷೆಗಳಲ್ಲಿ ಕೇಳುತ್ತದೆ. ಅಲ್ಲಿನ ಸಮೀಕ್ಷೆಯ ಪ್ರಚಲಿತ ಕೋಷ್ಟಕವೊಂದರಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು ಇದ್ದು, ಅನಂತರ 'ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು' ಎಂಬ ಒಂದೇ ಸಾಲು ಬರುತ್ತದೆ. ಆ ಕೋಷ್ಟಕವನ್ನಷ್ಟೇ ಹಿಡಿದವನಿಗೆ ಕನ್ನಡಿಗರೆಷ್ಟು ಎಂಬುದು ತಿಳಿಯಲಾರದು. ಇದನ್ನು ಕಂಡು ನಮಗೆ ನೋವಾಗುವುದು ಸಹಜ. ಆದರೆ ದೂರುವ ಮುನ್ನ ನಮ್ಮದೇ ಕೋಷ್ಟಕಗಳನ್ನು ನೋಡಿಕೊಳ್ಳುವುದು ಉಚಿತ. ಭಾರತದ 2011ರ ಗಣತಿಯಲ್ಲಿ ಜನರು ಕೊಟ್ಟ ಮಾತೃಭಾಷೆಯ ಹೆಸರುಗಳು ಹತ್ತೊಂಬತ್ತು ಸಾವಿರಕ್ಕೂ ಮಿಗಿಲು. ಪರಿಷ್ಕರಣೆಯ ನಂತರ ಅವು 1,369 ಮಾತೃಭಾಷೆಗಳಾದವು; ಗುಂಪುಗೂಡಿಸಿದ ಮೇಲೆ 121 ಭಾಷೆಗಳಾಗಿ ಉಳಿದವು. ಕನ್ನಡವೆಂದು ಪ್ರಕಟವಾದ 4.37 ಕೋಟಿಯೊಳಗೆ ನೀಲಗಿರಿಯ ಬಡಗ ನುಡಿಯನ್ನಾಡುವ ಲಕ್ಷಕ್ಕೂ ಹೆಚ್ಚು ಜನರು ಸೇರಿದ್ದಾರೆ. ಬಡಗವು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬುದು ಭಾಷಾಶಾಸ್ತ್ರದಲ್ಲಿ ಚರ್ಚೆಯ ವಿಷಯ; ಕೋಷ್ಟಕದಲ್ಲಿ ಅದು ಮುಗಿದ ವಿಷಯ. ನಮ್ಮ ಒಟ್ಟು ಸಂಖ್ಯೆಯನ್ನು ಅಭಿಮಾನದಿಂದ ಉಲ್ಲೇಖಿಸುವಾಗ ಆ ಜನರ ಹೆಸರು ಅದರೊಳಗೆ ಮರೆಯಾಗಿದೆಯೆಂಬುದು ನೆನಪಿರಬೇಕು.

ಇನ್ನೊಂದು ಉದಾಹರಣೆ ಈ ಪತ್ರಿಕೆಯ ಓದುಗರಿಗೆ ಇನ್ನೂ ಹತ್ತಿರದ್ದು. ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 2001ರಲ್ಲಿ ಸುಮಾರು ಹನ್ನೆರಡೂವರೆ ಲಕ್ಷ. 2011ರಲ್ಲಿ ಸುಮಾರು ಹತ್ತು ಲಕ್ಷ. ಇದನ್ನು ಕಂಡೊಡನೆ ಎರಡೂವರೆ ಲಕ್ಷ ಕನ್ನಡಿಗರು ಕಳೆದುಹೋದರೆಂದು ಬರೆಯುವುದು ಸುಲಭ. ಅಮೆರಿಕದ ಚರಿತ್ರೆಯನ್ನು ಓದಿದವನು ಮೊದಲು ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಮುಂಬಯಿಯಿಂದ ಎಷ್ಟು ಕುಟುಂಬಗಳು ಊರಿಗೆ ಮರಳಿದವು? ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ದ್ವಿಭಾಷಿಕರಲ್ಲಿ ಎಷ್ಟು ಮಂದಿ ಹಿಂದೆ ಕನ್ನಡವೆಂದವರು ಈಗ ಮರಾಠಿಯೆಂದರು? ಮನೆಯ ಪರವಾಗಿ ಉತ್ತರ ಕೊಟ್ಟವರು ಯಾವ ತಲೆಮಾರಿನವರು? ಮೊದಲನೆಯದು ಜನರ ಚಲನೆ, ಎರಡನೆಯದು ನಿಷ್ಠೆಯ ಚಲನೆ, ಮೂರನೆಯದು ದಾಖಲೆಯ ಚಲನೆ. ಇವು ಮೂರೂ ಒಂದೇ ಅಂಕಿಯಲ್ಲಿ ಬೆರೆತಿರುತ್ತವೆ. ಬೇರ್ಪಡಿಸಲು ಕ್ಷೇತ್ರಕಾರ್ಯವೊಂದೇ ದಾರಿ.

2011ರಲ್ಲಿ ನಮ್ಮ ಮನೆಗೂ ಗಣತಿಯ ಶಿಕ್ಷಕಿಯೊಬ್ಬರು ಬಂದಿದ್ದರು. ಮಾತೃಭಾಷೆಯ ಪ್ರಶ್ನೆಗೆ ನಾನೂ ನನ್ನ ಪತ್ನಿಯೂ ಕನ್ನಡವೆಂದೆವು. ಅಲ್ಲೇ ಆಡುತ್ತಿದ್ದ ಮಗಳನ್ನು ನೋಡಿ, ಅವಳು ತಮ್ಮೊಡನೆ ಹಿಂದಿಯಲ್ಲೇ ಮಾತನಾಡಿದಳಲ್ಲ, ಏನು ಬರೆಯಲಿ ಎಂದು ಅವರು ಕೇಳಿದರು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ಮಾತೃಭಾಷೆಯೆಂಬುದು ಗಣತಿಯ ವ್ಯಾಖ್ಯೆ. ಅದನ್ನು ನೆನಪಿಸಿ ಕನ್ನಡವೆಂದೇ ಬರೆಸಿದೆ. ಬರೆಸಿದ್ದರಲ್ಲಿ ತಪ್ಪಿಲ್ಲ. ಆದರೆ ಅವಳ ದಿನದ ಬಹುಪಾಲು ಕಳೆಯುತ್ತಿದ್ದ ಭಾಷೆ ಬೇರೆಯೆಂಬ ಸಂಗತಿಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ಮುಂದೆಂದಾದರೂ ಸಂಶೋಧಕನೊಬ್ಬನು ಆ ವರ್ಷದ ಹೊರನಾಡ ಕನ್ನಡಿಗರ ಸಂಖ್ಯೆಯನ್ನು ಉದ್ಧರಿಸಿದಾಗ ಅದರಲ್ಲಿ ನನ್ನ ಮಗಳೂ ಒಂದು ಅಂಕಿಯಾಗಿರುತ್ತಾಳೆ.

ಜಾತಿಯ ವಿವರವನ್ನೂ ಸೇರಿಸಿಕೊಂಡು 2027ರಲ್ಲಿ ಭಾರತದ ಗಣತಿ ನಡೆಯಬೇಕೆಂದು 2025ರ ಜೂನಿನಲ್ಲಿ ಅಧಿಸೂಚನೆ ಹೊರಟಿತು. ಭಾಷೆಯ ಜೊತೆಗೆ ಜಾತಿಯ ಹೆಸರುಗಳೂ ಸಾವಿರಗಟ್ಟಲೆಯಲ್ಲಿ ಬಂದು, ಗುಂಪುಗೂಡಿ, ಕೆಲವು ಉಳಿದು ಕೆಲವು ಕರಗುವ ಕೆಲಸ ಇದರಲ್ಲಿ ಅಡಗಿದೆ. ನಮ್ಮ ಪೀಠಗಳೂ ವಿಭಾಗಗಳೂ ಅಂಕಿಗಳು ಅಚ್ಚಾಗುವವರೆಗೆ ಕಾಯದೆ ಪ್ರಶ್ನೆಗಳ ಪಾಠವನ್ನೂ, ಗಣತಿದಾರರಿಗೆ ಕೊಟ್ಟ ಸೂಚನೆಗಳನ್ನೂ, ಗುಂಪುಗೂಡಿಸುವ ನಿಯಮಗಳನ್ನೂ ಈಗಿನಿಂದಲೇ ಸಂಗ್ರಹಿಸಿಡುವುದು ಒಳಿತು. ಬನವಾಸಿಯ ಹನ್ನೆರಡು ಸಾವಿರವನ್ನು ಎಣಿಸಿದವರು ಏನನ್ನು ಎಣಿಸಿದರೆಂದು ಬರೆದಿಡಲಿಲ್ಲ. ನಾವು ಇಂದಿಗೂ ಊಹಿಸುತ್ತಿದ್ದೇವೆ. ನಮ್ಮ ನಂತರ ಬರುವವರಿಗೆ ಆ ಕಷ್ಟವನ್ನು ಉಳಿಸುವುದು ಬೇಡ.